ಓಟವೋ, ಹಿಡಿತವೋ? ಸೈಕಲ್ ಟಯರು ಮರೆತು ಕಲಿತ ಪಾಠ

ಹೋದ ತಿಂಗಳು ನಮ್ಮ ಬಡಾವಣೆಯ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ನಿಂತಿದ್ದೆ. ಅಪ್ಪ, ಮಗ ಇಬ್ಬರು ಹೊಸ ಸೈಕಲ್ ಕೊಳ್ಳಲು ಬಂದರು. ಮಗ ಒಂಬತ್ತನೇ ಕ್ಲಾಸು. ಅವನ ಕಣ್ಣು ನೆಟ್ಟಿದ್ದು ಗೋಡೆಗೆ ಒರಗಿಸಿಟ್ಟ ದಪ್ಪ ಟಯರಿನ ಸೈಕಲ್ಲಿನ ಮೇಲೆ. ಆ ಟಯರಿಗೆ ಟ್ರ್ಯಾಕ್ಟರ್ ಗಾಲಿಯಂತೆ ಉಬ್ಬಿದ ಹಲ್ಲುಗಳಿದ್ದವು. ಅಪ್ಪನ ಮನಸ್ಸು ಪಕ್ಕದಲ್ಲಿದ್ದ ಸಪೂರ ಟಯರಿನದರ ಮೇಲೆ.

‘ಸಣ್ಣ ಟಯರಾದ್ರೆ ತುಳಿಯೋದು ಹಗುರ ಕಣೋ. ಬೇಗ ಸ್ಕೂಲು ಸೇರ್ತೀಯ’ ಎಂದು ಅಪ್ಪ.

‘ಅದು ಜಾರತ್ತಪ್ಪ. ಗ್ರಿಪ್ಪೇ ಇರಲ್ಲ’ ಎಂದು ಮಗ.

ಅಂಗಡಿಯವರು ನನ್ನ ಟ್ಯೂಬನ್ನು ನೀರಿನ ಬೋಗುಣಿಯಿಂದ ಎತ್ತಿ, ಕೈ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ ಪ್ರಶ್ನೆ: ‘ಸ್ಕೂಲಿಗೆ ಹೋಗೋ ದಾರಿ ಹೆಂಗಿದೆಯಪ್ಪಾ?’

ನಾಲ್ಕು ಕಿಲೋಮೀಟರು ಟಾರು, ಎರಡು ಕಿಲೋಮೀಟರು ಕೆರೆ ಏರಿಯ ಮಣ್ಣು ದಾರಿ, ಕೊನೆಗೆ ಜಲ್ಲಿ ಸುರಿದು ಹಾಗೇ ಬಿಟ್ಟಿರುವ ಒಂದು ತುಂಡು ರಸ್ತೆ. ಹುಡುಗ ಇಷ್ಟು ಹೇಳಿ ಸುಮ್ಮನಾದ. ಮೂವರೂ ಸುಮ್ಮನಾದರು.

ನಾನೂ ಸುಮ್ಮನಿದ್ದೆ. ಏಕೆಂದರೆ ಪಿಯುಸಿ ಓದುವಾಗ ಗೆಳೆಯನ ರೇಸ್ ಸೈಕಲ್ ಕೇಳಿ ಪಡೆದು, ಟಾರು ರಸ್ತೆಯ ಮೇಲೆ ಗಾಳಿಯಂತೆ ಹೋಗಿ, ಕಾಲುವೆ ಪಕ್ಕದ ಜಲ್ಲಿ ದಾರಿಗೆ ಇಳಿದ ಮೊದಲ ತಿರುವಿನಲ್ಲೇ ಮಗುಚಿ ಬಿದ್ದವನು ನಾನು. ಮೊಣಕಾಲಿನ ಕಲೆ ಇನ್ನೂ ಇದೆ. ಓಟ ಬೇಕೆಂದರೆ ಹಿಡಿತ ಬಿಡಬೇಕು, ಹಿಡಿತ ಬೇಕೆಂದರೆ ಓಟ ಬಿಡಬೇಕು ಎಂದು ಅಂದಿನಿಂದ ನಂಬಿದ್ದೆ. ಆ ನಂಬಿಕೆ ಅರ್ಧ ಮಾತ್ರ ನಿಜ ಎಂಬುದು ಗೊತ್ತಾದದ್ದು ಸೈಕಲ್ ಟಯರಿನ ಚರಿತ್ರೆಯನ್ನು ಓದಲು ಕುಳಿತಾಗ. ಸ್ವಾರಸ್ಯವೆಂದರೆ, ಟಯರು ಹುಟ್ಟಿದ ದಿನವೇ ತಿಳಿದಿದ್ದ ಒಂದು ಸಂಗತಿಯನ್ನು ಸೈಕಲ್ ಲೋಕ ನಡುವೆ ಮರೆತು, ನೂರು ವರ್ಷ ಕಳೆದ ಮೇಲೆ ಮತ್ತೆ ಕಲಿತಿದೆ.

ಅಂಗಳದಲ್ಲಿ ಉರುಳಿದ ಎರಡು ಚಕ್ರ

ಮೊದಲ ಸೈಕಲ್ಲುಗಳಿಗೆ ಗಾಳಿಯ ಟಯರು ಇರಲಿಲ್ಲ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದದ್ದು ಮೊದಲಿನದು, ಗಟ್ಟಿ ರಬ್ಬರಿನ ಪಟ್ಟಿ ಆಮೇಲಿನದು. ಮುಂದೆ ಆಳೆತ್ತರದ ಚಕ್ರ, ಹಿಂದೆ ಗಿಡ್ಡ ಚಕ್ರ ಇದ್ದ ಆ ಕಾಲದ ಸೈಕಲ್ಲಿನ ಚಿತ್ರವನ್ನು ಓದುಗರು ನೋಡಿರಬಹುದು. ಚಕ್ರ ಅಷ್ಟು ದೊಡ್ಡದಾಗಿರಲು ಪೆಡಲನ್ನು ನೇರವಾಗಿ ಅದಕ್ಕೇ ಕೂಡಿಸಿದ್ದು ಒಂದು ಕಾರಣ. ದೊಡ್ಡ ಚಕ್ರ ಗುಂಡಿಯ ಮೇಲೆ ಸಲೀಸಾಗಿ ಹಾಯುತ್ತದೆ ಎಂಬುದು ಇನ್ನೊಂದು.

ಗಾಳಿ ತುಂಬುವ ಯೋಚನೆ ಮೊದಲು ಬಂದದ್ದು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಎಂಜಿನಿಯರಿಗೆ. 1845ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು. ಆಗ ಪೆಡಲಿನ ಸೈಕಲ್ಲೇ ಇರಲಿಲ್ಲ. ಅವರ ಚಕ್ರ ಕುದುರೆ ಗಾಡಿಗಾಗಿ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಗಾಳಿ ಚಕ್ರದ ಗಾಡಿ ಓಡಿಸಿ ತೋರಿಸಿದರು. ಗಾಡಿ ಎಳೆಯಲು ಎಷ್ಟು ಬಲ ಬೇಕೆಂದು ಅಳೆದೂ ನೋಡಿದರು. ನುಣುಪಾದ ದಾರಿಯಲ್ಲಿ ಗಾಳಿ ಚಕ್ರದಿಂದ ಲಾಭವಿತ್ತು. ಆದರೆ ಹೊಸದಾಗಿ ಒಡೆದ ಜಲ್ಲಿ ಸುರಿದ ದಾರಿಯಲ್ಲಿ ಅದರ ಲಾಭ ಹಲವು ಪಟ್ಟು ಹೆಚ್ಚಿತ್ತು. ಈ ಮಾತನ್ನು ನೆನಪಿನಲ್ಲಿಡೋಣ. ಆ ಟಯರು ದುಬಾರಿಯಾಗಿತ್ತು, ಕೊಳ್ಳುವವರಿಲ್ಲದೆ ಮೂಲೆ ಸೇರಿತು.

ನಾಲ್ಕು ದಶಕದ ನಂತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರಿದ್ದರು. ಥಾಮ್ಸನ್ ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. ಅವರ ಮಗ ಜಾನಿಯ ಮೂರು ಚಕ್ರದ ಸೈಕಲ್ಲು ಊರಿನ ಕಲ್ಲುಹಾಸಿನ ಬೀದಿಯಲ್ಲಿ ಅವನನ್ನು ಕುಲುಕಿ ಹಾಕುತ್ತಿತ್ತು. ಡನ್‌ಲಪ್ ಒಂದು ಮರದ ಬಿಲ್ಲೆಯ ಸುತ್ತ ರಬ್ಬರಿನ ಕೊಳವೆ ಸುತ್ತಿ, ಬಟ್ಟೆ ಬಿಗಿದು, ಕಾಲ್ಚೆಂಡಿಗೆ ಗಾಳಿ ಹೊಡೆಯುವ ಪಂಪಿನಿಂದ ಗಾಳಿ ತುಂಬಿದರು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಗಟ್ಟಿ ರಬ್ಬರಿನ ಚಕ್ರ. ಎರಡನ್ನೂ ಅಂಗಳದಲ್ಲಿ ಉರುಳಿಸಿದರು. ಗಟ್ಟಿ ಚಕ್ರ ಅಂಗಳ ದಾಟುವ ಮೊದಲೇ ಬಿದ್ದುಹೋಯಿತು. ಗಾಳಿಯ ಚಕ್ರ ಕೊನೆಯವರೆಗೂ ಉರುಳಿ ಗೇಟಿನ ಕಂಬಕ್ಕೆ ಬಡಿದು ಪುಟಿಯಿತು.

ಅವರು ಹೊರಟದ್ದು ಮಗನ ಮೈ ನೋವು ತಪ್ಪಿಸಲು. ಸಿಕ್ಕಿದ್ದು ವೇಗ. 1888ರಲ್ಲಿ ಪೇಟೆಂಟ್ ಬಂತು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲ್ಲೀ ಹ್ಯೂಮ್ ಎಂಬ ಸವಾರ ಆ ದಪ್ಪ ಟಯರಿನ ಸೈಕಲ್ ತಂದಾಗ ಜನ ನಕ್ಕರಂತೆ. ಅವನು ನಿಂತ ನಾಲ್ಕೂ ಪಂದ್ಯ ಗೆದ್ದ. ಎರಡು ವರ್ಷ ಕಳೆದ ಮೇಲೆ ಥಾಮ್ಸನ್ ಅವರ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್ ಅವರ ಹಕ್ಕು ಬಿದ್ದುಹೋಯಿತು. ಆದರೆ ಹೆಸರು ಉಳಿದುಕೊಂಡಿತು.

ಇನ್ನೊಂದು ತೊಡಕಿತ್ತು. ಡನ್‌ಲಪ್ ಟಯರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಗಂಟೆಗಟ್ಟಲೆ ಕೆಲಸ. ಫ್ರಾನ್ಸಿನ ಮಿಶೆಲಿನ್ ಸೋದರರು 1891ರಲ್ಲಿ ಬಿಚ್ಚಿ ಹಾಕುವ ಟಯರು ತಂದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿ.ಮೀ. ಪಂದ್ಯವನ್ನು ಶಾರ್ಲ್ ತೆರೋಂ ಆ ಟಯರಿನ ಮೇಲೆ ಗೆದ್ದರು. ಗಟ್ಟಿ ರಬ್ಬರಿನ ಕಾಲ ಮುಗಿಯಿತು.

ನರಕದ ದಾರಿಯ ಪರೀಕ್ಷೆ

ದಾರಿ ಒಂದೇ ತರಹ ಇಲ್ಲದಿದ್ದಾಗ ಯಾವ ಟಯರು ಹಾಕಬೇಕು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಒಂದು ಖಾಯಂ ಪರೀಕ್ಷಾ ಕೊಠಡಿಯಿದೆ. ಅದು ಉತ್ತರ ಫ್ರಾನ್ಸಿನ ಪ್ಯಾರಿಸ್-ರುಬೇ ಪಂದ್ಯ. ರುಬೇ ಗಿರಣಿಗಳ ಊರು. ಅಲ್ಲಿನ ಇಬ್ಬರು ಗಿರಣಿ ಮಾಲೀಕರು ತಾವು ಕಟ್ಟಿಸಿದ ಸೈಕಲ್ ಮೈದಾನಕ್ಕೆ ಹೆಸರು ಬರಲೆಂದು 1896ರಲ್ಲಿ ಈ ಪಂದ್ಯ ಹುಟ್ಟುಹಾಕಿದರು. ದಾರಿ ನೋಡಿ ಬರಲು ಪತ್ರಿಕೆಯೊಂದು ತನ್ನ ವರದಿಗಾರ ವಿಕ್ಟರ್ ಬ್ರೆಯೆ ಅವರನ್ನು ಕಳಿಸಿತು. ಅರ್ಧ ದಾರಿ ಮೋಟಾರಿನಲ್ಲಿ ಹೋದ ಅವರು ಆಮಿಯೆಂ ಪಟ್ಟಣದಿಂದ ಮುಂದಕ್ಕೆ ಸೈಕಲ್ ಏರಿದರು. ಮಳೆ, ಕೆಸರು, ಕಲ್ಲುಹಾಸು. ಮೈಯೆಲ್ಲ ರಾಡಿಯಾಗಿ ರುಬೇ ಸೇರಿದವರು, ಈ ಪಂದ್ಯ ಬೇಡವೆಂದು ತಂತಿ ಹೊಡೆಯುತ್ತೇನೆ ಎಂದು ಹೊರಟಿದ್ದರಂತೆ. ರಾತ್ರಿಯ ಒಳ್ಳೆಯ ಊಟ ಅವರ ಮನಸ್ಸು ತಿರುಗಿಸಿತು ಎಂಬ ಕಥೆಯಿದೆ. ವರದಿಗಾರರ ಮನಸ್ಸು ಎಲ್ಲ ಕಾಲದಲ್ಲೂ ಒಂದೇ!

ಆ ಮೊದಲ ಪಂದ್ಯದ ದೂರ 280 ಕಿ.ಮೀ. ಗೆದ್ದವರು ಜರ್ಮನಿಯ ಯೋಸೆಫ್ ಫಿಷರ್, ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ. ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಬಾಂಬು ಬಿದ್ದು ಹಾಳಾದ ಆ ಪ್ರದೇಶವನ್ನು ಹಾದುಬಂದ ಪತ್ರಕರ್ತರು ‘ಉತ್ತರದ ನರಕ’ ಎಂದು ಬರೆದರು. ಆ ಹೆಸರೇ ಪಂದ್ಯಕ್ಕೆ ಅಂಟಿತು. ಎರಡನೇ ಮಹಾಯುದ್ಧದ ಬಳಿಕ ಊರೂರಿಗೆ ಟಾರು ಬಂದು ಕಲ್ಲುಹಾಸು ಕಾಣೆಯಾಗತೊಡಗಿದಾಗ ಸಂಘಟಕರು ಹಳೆಯ ಹೊಲದ ದಾರಿಗಳನ್ನು ಹುಡುಕಿ ಸೇರಿಸಿದರು. ಹಿಂದೆ ಗಣಿ ಕಾರ್ಮಿಕರಾಗಿದ್ದ ಸವಾರ ಜಾನ್ ಸ್ತಾಬ್ಲಿನ್ಸ್ಕಿ ತೋರಿಸಿದ ಆರೆನ್‌ಬೆರ್ಗ್ ಕಾಡಿನ ದಾರಿ 1968ರಲ್ಲಿ ಸೇರಿತು. ಸುಮಾರು 260 ಕಿ.ಮೀ. ಪಂದ್ಯದಲ್ಲಿ 55 ಕಿ.ಮೀ.ನಷ್ಟು ಕಲ್ಲುಹಾಸು, ಉಳಿದದ್ದು ಟಾರು. ಕಲ್ಲೆಂದರೆ ನಮ್ಮ ದೇವಸ್ಥಾನದ ಅಂಗಳದ ಚಪ್ಪಡಿಯಲ್ಲ. ರೊಟ್ಟಿಯ ಗಾತ್ರದ, ಬೆನ್ನು ಉಬ್ಬಿದ, ನಡುವೆ ಬೆರಳು ಇಳಿಯುವಷ್ಟು ಸಂದಿರುವ ಗುಂಡುಕಲ್ಲು.

ಇಲ್ಲಿ ಸಪೂರ ಟಯರು ಹಾಕಿದರೆ ಟಾರಿನ ಮೇಲೆ ಲಾಭ, ಕಲ್ಲಿನ ಮೇಲೆ ಪಂಕ್ಚರು. ದಪ್ಪ ಟಯರು ಹಾಕಿದರೆ ಕಲ್ಲಿನ ಮೇಲೆ ಲಾಭ, ಟಾರಿನ ಮೇಲೆ ಭಾರ. ಹಾಗೆಂದು ಎಲ್ಲರೂ ನಂಬಿದ್ದರು. ಮಾಮೂಲಿ ಪಂದ್ಯಗಳಲ್ಲಿ 20ರಿಂದ 23 ಮಿ.ಮೀ. ಅಗಲದ ಟಯರು ಬಳಸುತ್ತಿದ್ದ ಸವಾರರು ರುಬೇಗೆ ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ 24ರಿಂದ 28 ಮಿ.ಮೀ.ಗೆ ಏರುತ್ತಿದ್ದರು. ಮರುವಾರ ಮತ್ತೆ ಸಪೂರಕ್ಕೆ. 1992 ಮತ್ತು 1993ರಲ್ಲಿ ಜಿಲ್‌ಬೆರ್ ದ್ಯುಕ್ಲೋ-ಲಸಾಲ್ ಮೋಟಾರ್ ಸೈಕಲ್ಲಿನಂತೆ ಮುಂದೆ ಶಾಕ್ ಅಬ್ಸಾರ್ಬರ್ ಇದ್ದ ಸೈಕಲ್ಲಿನಲ್ಲಿ ಗೆದ್ದರು. ಕೆಲವು ವರ್ಷ ಅದರದೇ ಸುದ್ದಿ. ತೂಕ ಹೆಚ್ಚೆಂದು ಆಮೇಲೆ ಕೈಬಿಟ್ಟರು. ಶಾಕ್ ಅಬ್ಸಾರ್ಬರಿನ ಕೆಲಸವನ್ನು ಟಯರೇ ಮಾಡಬಲ್ಲದು ಎಂಬ ಡನ್‌ಲಪ್ ಅವರ ಪಾಠ ಆಗ ಯಾರಿಗೂ ನೆನಪಾದಂತೆ ಕಾಣುವುದಿಲ್ಲ.

ಅಳತೆ ಮರೆತ ಸವಾರ

ಈ ಮರೆವಿಗೆ ಎರಡು ಕಾರಣ ಹೇಳಬಹುದು. ಒಂದು, ಇಪ್ಪತ್ತನೇ ಶತಮಾನದಲ್ಲಿ ಯುರೋಪಿನ ದಾರಿಗಳು ನುಣುಪಾದವು. ಎರಡು, ಟಯರಿನ ವೇಗ ಅಳೆಯುವ ಯಂತ್ರವೂ ನುಣುಪಾಗಿತ್ತು.

ಪ್ರಯೋಗಶಾಲೆಯಲ್ಲಿ ಟಯರನ್ನು ದೊಡ್ಡ ಉಕ್ಕಿನ ಉರುಳೆಯ ಮೇಲೆ ಒತ್ತಿ ತಿರುಗಿಸುತ್ತಾರೆ. ಉರುಳುವಾಗ ಟಯರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಮಡಿಚಿ ಬಿಚ್ಚುವಾಗ ತುಳಿದ ಶಕ್ತಿಯ ಒಂದು ಪಾಲು ರಬ್ಬರಿನಲ್ಲಿ ಬಿಸಿಯಾಗಿ ಕರಗುತ್ತದೆ. ಗಾಳಿ ಗಟ್ಟಿ ತುಂಬಿದಷ್ಟೂ ಟಯರು ಮಡಿಚುವುದು ಕಡಿಮೆ, ನಷ್ಟ ಕಡಿಮೆ. ಸಪೂರ ಟಯರಿಗೆ ಹೆಚ್ಚು ಒತ್ತಡ ತುಂಬಬಹುದು. ಆದ್ದರಿಂದ ಸಪೂರ ಮತ್ತು ಗಟ್ಟಿ ಎಂದರೆ ವೇಗ. ಲೆಕ್ಕ ಸರಿಯೇ ಇದೆ. ಆದರೆ ಉರುಳೆಯ ಮೇಲೆ ಟಯರು ಇತ್ತೇ ಹೊರತು ಸವಾರ ಇರಲಿಲ್ಲ.

ನಿಜವಾದ ರಸ್ತೆಯಲ್ಲಿ ಗಟ್ಟಿ ಟಯರು ಒಂದು ಕಲ್ಲು ಸಿಕ್ಕರೆ ಅದನ್ನು ನುಂಗುವುದಿಲ್ಲ, ಸೈಕಲ್ಲನ್ನೂ ಸವಾರನನ್ನೂ ಸೇರಿಸಿ ಮೇಲಕ್ಕೆತ್ತುತ್ತದೆ. ಎತ್ತಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಸವಾರನ ಕಾಲಿನಿಂದಲೇ. ಆ ಕುಲುಕಾಟ ತೊಡೆ, ಹೊಟ್ಟೆ, ತೋಳಿನ ಮಾಂಸದಲ್ಲಿ ಕರಗುತ್ತದೆ. ಮೆತ್ತಗಿನ ಟಯರಾದರೆ ಕಲ್ಲು ಟಯರಿನೊಳಕ್ಕೆ ಒತ್ತಿಕೊಳ್ಳುತ್ತದೆ, ಸವಾರ ಕೂತಲ್ಲೇ ಇರುತ್ತಾನೆ. ಮೈ ಕುಲುಕಿದಷ್ಟೂ ವೇಗ ಸೋರುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಬಹುದು.

ಇನ್ನೊಂದು ಸಂಗತಿ. ಟಯರು ನೆಲವನ್ನು ಮುಟ್ಟುವ ಜಾಗದ ವಿಸ್ತಾರ ಹೆಚ್ಚುಕಡಿಮೆ ಭಾರ ಮತ್ತು ಒತ್ತಡದಿಂದ ತೀರ್ಮಾನವಾಗುತ್ತದೆ, ಅಗಲದಿಂದಲ್ಲ. ಒತ್ತಡ ಒಂದೇ ಇದ್ದರೆ ಸಪೂರ ಟಯರಿನ ಗುರುತು ಉದ್ದಕ್ಕೆ, ದಪ್ಪ ಟಯರಿನದು ಅಡ್ಡಕ್ಕೆ. ಉದ್ದದ ಗುರುತು ಮಾಡಲು ಟಯರು ಹೆಚ್ಚು ಆಳವಾಗಿ ಮಡಿಚಬೇಕು. ಹಾಗಾಗಿ ಒಂದೇ ಒತ್ತಡದಲ್ಲಿ ದಪ್ಪದ್ದೇ ಹಗುರವಾಗಿ ಉರುಳುತ್ತದೆ!

ಇದನ್ನು ಕೆಲವರು ಹಿಂದೆಯೇ ಅನುಭವದಿಂದ ಬಲ್ಲವರಾಗಿದ್ದರು. ಫ್ರಾನ್ಸಿನ ಸೇಂತ್-ಎತಿಯೆನ್ ಊರಿನಲ್ಲಿ 1887ರಲ್ಲಿ ಸೈಕಲ್ ಪತ್ರಿಕೆ ಆರಂಭಿಸಿದ ಪಾಲ್ ದ ವಿವೀ ಬೆಟ್ಟದ ದಾರಿಗಳಿಗೆ ಅಗಲ ಟಯರೇ ಸರಿ ಎಂದು ವಾದಿಸುತ್ತಿದ್ದರು. ಪಂದ್ಯದವರು ಕಿವಿಗೊಡಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯಾನ್ ಹೈನೆ ಎಂಬುವರ ಸೈಕಲ್ ಪತ್ರಿಕೆ ಉರುಳೆ ಬಿಟ್ಟು ರಸ್ತೆಗಿಳಿಯಿತು. ಹೆದ್ದಾರಿಯ ಅಂಚಿನಲ್ಲಿ ಚಾಲಕರನ್ನು ಎಚ್ಚರಿಸಲು ಕೊರೆದ ಪಟ್ಟಿಗಳಿರುತ್ತವಲ್ಲ, ಅದರ ಮೇಲೊಮ್ಮೆ, ಪಕ್ಕದ ನುಣುಪು ಟಾರಿನ ಮೇಲೊಮ್ಮೆ ಸವಾರಿ ಮಾಡಿ, ತುಳಿಯುವ ಶಕ್ತಿ ಅಳೆದರು. ಕುಲುಕಾಟದಲ್ಲಿ ಹೋಗುವ ಶಕ್ತಿ ಯಾರೂ ಎಣಿಸದಷ್ಟು ದೊಡ್ಡದಾಗಿತ್ತು. ಥಾಮ್ಸನ್ ಜಲ್ಲಿ ದಾರಿಯ ಮೇಲೆ ಕಂಡದ್ದನ್ನೇ ಇವರೂ ಕಂಡರು.

ರುಬೇ ದಾಖಲೆಗಳಲ್ಲಿ ಈ ತಿರುವನ್ನು ನೋಡಬಹುದು. 1964ರಲ್ಲಿ ಪೀಟರ್ ಪೋಸ್ಟ್ ಗಂಟೆಗೆ 45.1 ಕಿ.ಮೀ. ವೇಗದಲ್ಲಿ ಗೆದ್ದಿದ್ದರು. ಆ ದಾಖಲೆ ಮುರಿಯಲು 2017ರವರೆಗೆ, ಅಂದರೆ 53 ವರ್ಷ ಕಾಯಬೇಕಾಯಿತು. ಆಮೇಲೆ 2022, 2023, 2024ರಲ್ಲಿ ಸಾಲಾಗಿ ಮೂರು ಸಲ ಮುರಿಯಿತು. 2024ರಲ್ಲಿ ಮಾಥ್ಯೂ ವಾನ್ ಡರ್ ಪೂಲ್ ಗಂಟೆಗೆ 47.8 ಕಿ.ಮೀ. ಮುಟ್ಟಿದರು. ಗಾಳಿಯ ದಿಕ್ಕು, ಸೈಕಲ್ಲಿನ ಆಕಾರ, ಸವಾರರ ಆಹಾರ, ತರಬೇತಿ ಎಲ್ಲವೂ ಇದರಲ್ಲಿ ಸೇರಿವೆ, ಕೀರ್ತಿಯನ್ನೆಲ್ಲ ಟಯರಿಗೇ ಕೊಡಲಾಗದು. ಆದರೆ ಈ ದಾಖಲೆಗಳೆಲ್ಲ ಬಂದದ್ದು ಹಿಂದಿನವರು ನಗುತ್ತಿದ್ದ 30, 32 ಮಿ.ಮೀ. ಟಯರುಗಳ ಕಾಲದಲ್ಲಿ. ದಪ್ಪ ಟಯರು ಓಟವನ್ನು ಕೊಲ್ಲುತ್ತದೆ ಎಂಬುದು ನಿಜವಾಗಿದ್ದರೆ ಇದು ಆಗಬಾರದಿತ್ತು.

ಹಲ್ಲು ಬೇಕಾದ್ದು ಎಲ್ಲಿ?

ಹಾಗಾದರೆ ಅಂಗಡಿಯ ಹುಡುಗ ಕೇಳಿದ ಗ್ರಿಪ್? ಅದಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ ಮಕ್ಕಳ ಸೈಕಲ್ಲಿಗೆಂದು ಎರಡು ಇಂಚಿಗೂ ಮಿಗಿಲಾದ ಅಗಲದ ‘ಬಲೂನ್’ ಟಯರು ತಂದಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರದೇಶದ ಕೆಲವು ಯುವಕರು ಆ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರಿನಲ್ಲಿ ಅಲ್ಲಿ ಮೊದಲ ‘ರೀಪ್ಯಾಕ್’ ಪಂದ್ಯ ನಡೆಯಿತು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಹಬ್ಬಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಹೆಸರು ಬಂದದ್ದು ಅದರಿಂದ. ಇಂದಿನ ಮೌಂಟನ್ ಬೈಕಿನ ಮೂಲ ಇದು. ನಮ್ಮ ಅಂಗಡಿಗಳಲ್ಲಿ ಹುಡುಗರ ಕಣ್ಣು ಸೆಳೆಯುವ ಹಲ್ಲಿನ ಟಯರಿನ ಮೂಲವೂ ಇದೇ.

ಹಲ್ಲು ಹುಟ್ಟಿದ್ದು ಸಡಿಲ ಮಣ್ಣಿಗೆ, ಕೆಸರಿಗೆ. ಅಲ್ಲಿ ಅದು ನೆಲಕ್ಕೆ ನಾಟಿ ಹಿಡಿಯುತ್ತದೆ. ಟಾರಿನ ಮೇಲೆ ನಾಟಲು ಏನೂ ಇಲ್ಲ. ಅಲ್ಲಿ ಹಿಡಿತ ಕೊಡುವುದು ರಬ್ಬರು ನೆಲಕ್ಕೆ ಅಂಟುವ ಗುಣ. ಹಲ್ಲುಗಳ ತುದಿ ಮಾತ್ರ ನೆಲ ಮುಟ್ಟಿದರೆ ಅಂಟುವ ರಬ್ಬರೇ ಕಡಿಮೆ. ಮೇಲಾಗಿ ಪ್ರತಿ ಹಲ್ಲೂ ಬಾಗಿ ಏಳುವಾಗ ಶಕ್ತಿ ತಿನ್ನುತ್ತದೆ. ಟಾರಿನ ಮೇಲೆ ಆ ಟಯರು ಗುಂಯ್ ಎಂದು ಸದ್ದು ಮಾಡುತ್ತದಲ್ಲ, ಅದು ಸವಾರನ ಶ್ರಮ ಸೋರುವ ಸದ್ದು. ಮಳೆಯಲ್ಲಿ ನೀರು ಸರಿಸಲು ಗೀರು ಬೇಕೆಂಬ ಮಾತು ಕಾರಿಗೆ ಸರಿ. ನೀರಿನ ಮೇಲೆ ಟಯರು ತೇಲುವ ವೇಗ ಅದರ ಒತ್ತಡದೊಂದಿಗೆ ಏರುತ್ತದೆ. 60 ಪೌಂಡ್ ಒತ್ತಡದ ಸೈಕಲ್ ಟಯರಿಗೆ ಆ ವೇಗ ಗಂಟೆಗೆ 100 ಕಿ.ಮೀ. ಮೀರುತ್ತದೆ. ಅಷ್ಟರಲ್ಲಿ ನಾವು ಮನೆ ಸೇರಿರುತ್ತೇವೆ.

ಆದರೆ ಹಿಡಿತವನ್ನು ಲಘುವಾಗಿ ಕಾಣುವಂತಿಲ್ಲ. ಮಹಿಳೆಯರಿಗೆ ಪ್ಯಾರಿಸ್-ರುಬೇ ಮೊದಲ ಬಾರಿ ನಡೆದದ್ದು 2021ರ ಅಕ್ಟೋಬರಿನಲ್ಲಿ, ಕೆಸರಿನ ನಡುವೆ. ಬ್ರಿಟನ್ನಿನ ಲಿಜ್ಜಿ ಡೈಗ್ನನ್ 80 ಕಿ.ಮೀ.ಗೂ ಹೆಚ್ಚು ದೂರ ಒಬ್ಬರೇ ಮುಂದಿದ್ದು ಗೆದ್ದರು. ನಡುವೆ ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರಿ, ಬಿದ್ದೇ ಹೋದರು ಎನ್ನುವಷ್ಟರಲ್ಲಿ ಸಾವರಿಸಿಕೊಂಡರು. ಗುರಿ ಮುಟ್ಟಿದಾಗ ಕೈಯಿಂದ ಒಸರಿದ ರಕ್ತ ಹ್ಯಾಂಡಲಿನ ಮೇಲಿತ್ತು. ಬಿದ್ದವರಿಗೆ ವೇಗವೆಂಬುದೇ ಇಲ್ಲ. ಕುಲುಕದ ಟಯರು ನೆಲ ಬಿಟ್ಟು ಹಾರುವುದೂ ಕಡಿಮೆ. ನೆಲ ಬಿಡದ ಟಯರಿಗೇ ಹಿಡಿತ. ಒರಟು ದಾರಿಯಲ್ಲಿ ಓಟವೂ ಹಿಡಿತವೂ ಎದುರಾಳಿಗಳಲ್ಲ ಎನ್ನುವುದು ಇದಕ್ಕೇ. ಎರಡಕ್ಕೂ ಒಂದೇ ಬೀಗದಕೈ: ತಕ್ಕ ಅಗಲ, ತಕ್ಕ ಗಾಳಿ.

ಈ ಸೂಕ್ಷ್ಮ ಎಲ್ಲಿಯವರೆಗೆ ಹೋಗಿದೆಯೆಂದರೆ, 2023ರ ರುಬೇಯಲ್ಲಿ ಒಂದು ತಂಡ ಓಡುತ್ತಿರುವಾಗಲೇ ಟಯರಿನ ಗಾಳಿ ಏರಿಸಿ ಇಳಿಸುವ ಸಾಧನವನ್ನು ಹಬ್ಬಿನೊಳಗೆ ಅಳವಡಿಸಿತ್ತು. ಟಾರಿಗೊಂದು ಒತ್ತಡ, ಕಲ್ಲಿಗೊಂದು ಒತ್ತಡ. ಅಮೆರಿಕದ ಕಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ 320 ಕಿ.ಮೀ. ಜಲ್ಲಿ ದಾರಿಯ ಪಂದ್ಯದಲ್ಲಿ ಟಯರಿನ ಅಗಲ ವರ್ಷ ವರ್ಷಕ್ಕೂ ಏರುತ್ತ ಬಂದಿದೆ. ಅಲ್ಲಿನ ಚಕಮಕಿ ಕಲ್ಲಿನ ಚೂರು ಟಯರಿನ ಪಕ್ಕವನ್ನೇ ಸೀಳಿಬಿಡುತ್ತದೆ.

ಹಾಲಿನವರ ಸೈಕಲ್ಲು

ಇಷ್ಟಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತ ಕರಿಯ ಸೈಕಲ್ಲಿನ ನೆನಪಾಗದಿರದು. ಇಂಗ್ಲಿಷರ ಕಾಲದಿಂದ ಬಂದ ಅದರ ಟಯರು 28 ಇಂಚು, ಒಂದೂವರೆ ಇಂಚು ಅಗಲ, ಅಂದರೆ ಸುಮಾರು 40 ಮಿ.ಮೀ. ಮಣ್ಣು, ಟಾರು ಎರಡಕ್ಕೂ ಹೊಂದುವ ಅಗಲ ಅಲ್ಲೇ ಇತ್ತು! ಆದರೆ ರುಬೇಯ ಟಯರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಪಂದ್ಯದ ಟಯರಿನ ಒಳಬಟ್ಟೆ ತೆಳು, ನೂಲು ಸಣ್ಣ, ಹೆಬ್ಬೆರಳಿನಿಂದ ಒತ್ತಿದರೆ ಬಟ್ಟೆಯಂತೆ ಬಾಗುತ್ತದೆ. ಹೊರೆ ಹೊರುವ ಟಯರಿನ ಪಕ್ಕ ದಪ್ಪ, ಬಿರುಸು. ಬಾಗದ ರಬ್ಬರಿಗೆ ಅಗಲವೊಂದೇ ಇದ್ದು ಓಟ ಬಾರದು. ಅದರ ಗುಣ ಬಾಳಿಕೆ, ಹೊರೆ ಹೊರುವವರಿಗೆ ಬೇಕಾದ್ದೂ ಅದೇ.

ಕೊಳ್ಳುವವರಿಗೆ ಇದರಿಂದ ಸಿಗುವ ಲೆಕ್ಕ ಸರಳ. ದಾರಿಯೆಲ್ಲ ಟಾರಾದರೆ ಹಲ್ಲು ಬೇಡ, 28ರಿಂದ 32 ಮಿ.ಮೀ. ನುಣುಪು ಟಯರು ಸಾಕು. ಟಾರು, ಮಣ್ಣು, ಜಲ್ಲಿ ಕಲೆತ ದಾರಿಗೆ 35ರಿಂದ 42 ಮಿ.ಮೀ., ನಡುವೆ ನುಣುಪು, ಅಂಚಿಗೆ ಚಿಕ್ಕ ಹಲ್ಲು. ನೇರ ಹೋಗುವಾಗ ನಡು ಓಡುತ್ತದೆ, ತಿರುಗುವಾಗ ಅಂಚು ಹಿಡಿಯುತ್ತದೆ. ಬರೀ ಕೆಸರು, ಕಾಡು ದಾರಿಯಾದರೆ ಮಾತ್ರ ಪೂರಾ ಹಲ್ಲು. ಇನ್ನು ಗಾಳಿ. ಟಯರಿನ ಪಕ್ಕದಲ್ಲಿ ಅಚ್ಚಾದ ದೊಡ್ಡ ಸಂಖ್ಯೆ ಮೀರಬಾರದ ಮಿತಿ, ತುಂಬಲೇಬೇಕಾದ ಅಳತೆಯಲ್ಲ. ಕಲ್ಲಿನಂತೆ ಗಟ್ಟಿ ಹೊಡೆಯುವ ನಮ್ಮ ಅಭ್ಯಾಸಕ್ಕೆ ಜಲ್ಲಿ ದಾರಿಯಲ್ಲಿ ದಂಡ ತೆರುತ್ತೇವೆ. ಹಾಗೆಂದು ರಿಮ್ಮು ನೆಲಕ್ಕೆ ತಾಗುವಷ್ಟು ಇಳಿಸಿದರೆ ಟ್ಯೂಬು ಹರಿಯುತ್ತದೆ. ಭಾರದ ಸವಾರರಿಗೆ ಹೆಚ್ಚು, ಹಗುರದವರಿಗೆ ಕಡಿಮೆ. ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಕೊಂಚ ಹೆಚ್ಚು.

ಅಂದು ಅಂಗಡಿಯವರು ಇಷ್ಟೆಲ್ಲ ಹೇಳಲಿಲ್ಲ. ಒಳಗಿನಿಂದ ಮೂರನೆಯದೊಂದು ಸೈಕಲ್ ತಂದು ನಿಲ್ಲಿಸಿದರು. ಟಯರು ಅಪ್ಪ ಕೇಳಿದಷ್ಟು ಸಪೂರವಲ್ಲ, ಮಗ ಕೇಳಿದಷ್ಟು ಹಲ್ಲಿನದೂ ಅಲ್ಲ. ಹುಡುಗನ ಮುಖ ಸಪ್ಪಗಾಯಿತು. ‘ನೋಡೋಕೆ ಚೆನ್ನಾಗಿಲ್ಲ ಅಂಕಲ್’ ಎಂದ. ‘ಕೆರೆ ಏರಿ ಮೇಲೆ ಒಂದ್ಸಲ ಹೋಗ್ಬಾ, ಆಮೇಲೆ ಹೇಳು’ ಎಂದು ಅವರು ಹಿಂದಿನ ಟಯರಿನ ಗಾಳಿಯನ್ನು ಒಂದಿಷ್ಟು ಬಿಟ್ಟು, ಹೆಬ್ಬೆರಳಿನಿಂದ ಒತ್ತಿ ನೋಡಿ, ಸೈಕಲ್ಲನ್ನು ಅವನ ಕೈಗೆ ಕೊಟ್ಟರು. ನನ್ನ ಪಂಕ್ಚರ್ ಕೆಲಸ ಮುಗಿದಿತ್ತು. ಹಣ ಕೊಟ್ಟು ಹೊರಡುವಾಗ ಹುಡುಗ ಇನ್ನೂ ಮರಳಿರಲಿಲ್ಲ. ಅಪ್ಪ ರಸ್ತೆಯ ಕಡೆ ನೋಡುತ್ತ ನಿಂತಿದ್ದರು.